ಪ್ಲಗ್ ಹಾಕೋದು ಕಲಿತುಕೊಂಡೇ ಯಾರ್ಡಿಗೆ ಇಳಿ

ತಮ್ಮಾ,

ಸಿಂಗಾಪುರದ ಶಿಪ್‌ಯಾರ್ಡಿನಲ್ಲಿ ಗ್ರೈಂಡಿಂಗ್ ಕೆಲಸ ಸಿಕ್ಕಿದ್ದು ಖುಷಿ. ಊಟ, ರೂಮಿನ ಚಿಂತೆ ಬೇಡ. ಲಿಟ್ಲ್ ಇಂಡಿಯಾಕ್ಕೆ ಹೋದರೆ ಅಕ್ಕಿ, ಬೇಳೆ, ಒಣಮೀನು ಎಲ್ಲಾ ಸಿಗುತ್ತದೆ. ಕೊನೆಯಲ್ಲಿ ಕೇಳಿದ್ದೀಯಲ್ಲ, ‘ಕಿವಿಗೆ ಪ್ಲಗ್ ಹಾಕೋಕೂ ಟ್ರೈನಿಂಗಾ ಅಣ್ಣಾ?’ ಅಂತ, ಅದಕ್ಕೇ ಉದ್ದ ಉತ್ತರ ಬರೀತೇನೆ.

ಕಾರವಾರದ ಬೈತಖೋಲ ಬಂದರಿನಲ್ಲಿ ಮೀನು ಹಿಡಿಯುವ ಟ್ರಾಲರ್ ಬೋಟಿನ ಹಳೇ ಡ್ರೈವರುಗಳನ್ನು ಮಾತಾಡಿಸಿ ನೋಡು. ಅವರಿಗೆ ದನಿ ಕೇಳುತ್ತದೆ, ಮಾತು ತಿಳಿಯೋದಿಲ್ಲ. ವಯಸ್ಸಾಯ್ತು ಅಂತಾರೆ, ಆದರೆ ಇಂಜಿನ್ನಿನ ಪಾಲೂ ಅದರಲ್ಲಿದೆ. ಒಳಗಿವಿಯ ಸೂಕ್ಷ್ಮ ಕೋಶಗಳು ಗದ್ದಲಕ್ಕೆ ಸತ್ತರೆ ಮತ್ತೆ ಹುಟ್ಟೋದಿಲ್ಲ. ನೋವಾದರೂ ಆದರೆ ಗೊತ್ತಾಗ್ತಿತ್ತು, ಅದೂ ಇಲ್ಲ.

ಸದ್ದನ್ನು ಅಳೆಯೋದು ಡೆಸಿಬಲ್‌ನಲ್ಲಿ. ಇಲ್ಲಿ ಸಿಂಗಾಪುರದಲ್ಲಿ ಕಿವಿಗೆ ಬೀಳುವ ಸದ್ದಿನ ಮಿತಿ ದಿನಕ್ಕೆ 8 ತಾಸಿಗೆ 85 ಡೆಸಿಬಲ್. 3 ಡೆಸಿಬಲ್ ಏರಿದರೆ ಸಮಯ ಅರ್ಧಕ್ಕಿಳಿಯುತ್ತದೆ. 88ಕ್ಕೆ 4 ತಾಸು, 100ಕ್ಕೆ ಬರೀ 15 ನಿಮಿಷ. ಕಬ್ಬಿಣದ ಮೇಲೆ ಗ್ರೈಂಡರ್ ಇಟ್ಟರೆ ಸುಮಾರು ಅಲ್ಲಿಗೇ ಹೋಗುತ್ತದೆ.

ಸ್ಪಂಜಿನ ಪ್ಲಗ್ಗನ್ನು ಹೆಚ್ಚಿನವರು ಕಿವಿಯ ಬಾಯಿಗೆ ಸಿಕ್ಕಿಸಿ ಬಿಡ್ತಾರೆ. ಸೂಪರ್‌ವೈಸರ್ ಕಣ್ಣಿಗೆ ಸರಿ, ಕಿವಿಗೆ ಏನೂ ಇಲ್ಲ! ಕೈ ತೊಳೆದುಕೊಂಡು ಪ್ಲಗ್ಗನ್ನು ಬೆರಳಲ್ಲಿ ಹೊಸೆ, ನೆರಿಗೆ ಬೀಳದಂತೆ, ಊದುಬತ್ತಿ ಕಡ್ಡಿಯಷ್ಟು ಸಪೂರ ಆಗಲಿ. ಬಲಗಿವಿಗೆ ಹಾಕುವಾಗ ಎಡಗೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳಿ. ದಾರಿ ನೇರ ಆಗುತ್ತದೆ. ಆಗ ಒಳಗೆ ತಳ್ಳಿ, ಉಬ್ಬುವ ತನಕ ಅರ್ಧ ನಿಮಿಷ ಬೆರಳಲ್ಲಿ ಒತ್ತಿ ಹಿಡಿ. ಈ ಅರ್ಧ ನಿಮಿಷಕ್ಕೇ ಯಾರಿಗೂ ಪುರುಸೊತ್ತಿಲ್ಲ ನೋಡು. ಆಮೇಲೆ ಗದ್ದಲದಲ್ಲಿ ನಿಂತು ಎರಡೂ ಅಂಗೈಯಿಂದ ಕಿವಿ ಮುಚ್ಚು. ಸದ್ದು ಜಾಸ್ತಿ ತಗ್ಗಿದರೆ ಪ್ಲಗ್ ಸರಿಯಾಗಿ ಕೂತಿಲ್ಲ, ತೆಗೆದು ಮತ್ತೆ ಹಾಕು. ತೆಗೆಯುವಾಗ ತಿರುಗಿಸುತ್ತಾ ನಿಧಾನ ಎಳಿ.

ವಿಡಿಯೋ ತೋರಿಸಿ ಸಹಿ ಹಾಕಿಸಿಕೊಂಡರೆ ಅದು ಟ್ರೈನಿಂಗ್ ಅಲ್ಲ. ‘ನನ್ನ ಕಿವಿ ನೋಡಿ ಹೇಳಿ’ ಅಂತ ಕೇಳು, ನಾಚಿಕೆ ಬೇಡ. ಎಷ್ಟೋ ಜನರಿಗೆ ಎರಡು ಕಿವಿಗೆ ಎರಡು ಸೈಜ್ ಬೇಕಾಗುತ್ತದೆ. ಫಿಟ್ ಟೆಸ್ಟ್ ಮಷೀನ್ ಇದ್ದರೆ ನಿನ್ನ ಕಿವಿಯಲ್ಲಿ ಎಷ್ಟು ಡೆಸಿಬಲ್ ತಗ್ಗಿತು ಅಂತ ಅದೇ ಹೇಳುತ್ತದೆ. ಇಷ್ಟು ಸದ್ದು ತಗ್ಗುತ್ತದೆ ಅಂತ ಪೊಟ್ಟಣದ ಮೇಲೆ ಹಾಕಿರುವ ನಂಬರನ್ನು ನಂಬಬೇಡ.

ಕಿವಿ ಪರೀಕ್ಷೆ ವರ್ಷಕ್ಕೊಮ್ಮೆ ಇರುತ್ತದೆ. ಮೊದಲ ಪರೀಕ್ಷೆಯ ರಿಪೋರ್ಟಿನ ಕಾಪಿ ಕೇಳಿ ಇಟ್ಟುಕೋ. ಕಿವಿಯಲ್ಲಿ ಗುಗ್ಗೆ ಕಟ್ಟಿದ್ದರೆ ಊರಲ್ಲೇ ಡಾಕ್ಟರ್ ಹತ್ರ ತೆಗೆಸಿಕೊಂಡು ಬಾ.