ಊರಿನ ಹೆಸರು ಹುಬ್ಬಳ್ಳಿ, ಸುದ್ದಿ ಬೆಂಗಳೂರಿನದು

ಮೊನ್ನೆ ಲೈನ್ ಬಜಾರಿನಲ್ಲಿ ಚಹಾ ಕುಡಿಯುತ್ತ ನೀವು ಕೇಳಿದ ಪ್ರಶ್ನೆಗೆ ಅಲ್ಲೇ ಉತ್ತರ ಕೊಡಲು ಆಗಲಿಲ್ಲ. ಮನೆಗೆ ಬಂದ ಮೇಲೂ ಅದೇ ತಲೆಯಲ್ಲಿ ಕೊರೆಯುತ್ತಿತ್ತು. "ಹುಬ್ಬಳ್ಳಿ ಹೆಸರಿಲ್ಲದ ಪೇಪರೇ ಇಲ್ಲ, ಟಿವಿಯಲ್ಲೂ ದಿನಾ ಬರುತ್ತೆ. ಆದ್ರೂ ನೀವೆಲ್ಲ ನಮ್ಮ ಕಡೆ ಸುದ್ದೀನೇ ಬರಲ್ಲ ಅಂತ ಗೊಣಗ್ತೀರಲ್ಲ, ಯಾಕೆ?" ಅಂದಿರಿ. ಮೈಸೂರಿನಿಂದ ವರ್ಗವಾಗಿ ಬಂದು ಆರು ತಿಂಗಳಾದವರಿಗೆ ಹಾಗನ್ನಿಸುವುದು ಸಹಜವೇ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ಮೊದಲು ವಿಮಾನ ನಿಲ್ದಾಣದಿಂದ ಶುರು ಮಾಡುತ್ತೇನೆ. ಗೋಕುಲ ರಸ್ತೆಯ ನಿಲ್ದಾಣಕ್ಕೆ ಒಮ್ಮೆ ನಮ್ಮ ಮಾವನನ್ನು ಕರೆತರಲು ಹೋಗಿದ್ದೆ. ಬಾಗಿಲ ಮುಂದೆ ಏಳೆಂಟು ಮೈಕು ಹಿಡಿದ ಹುಡುಗರು ನಿಂತಿದ್ದರು. ಒಬ್ಬ ನಾಯಕರು ಹೊರಗೆ ಬಂದರು. ಸಂಪುಟ ವಿಸ್ತರಣೆ ಯಾವಾಗ ಸರ್? ಅವರು ನಿಮ್ಮ ಬಗ್ಗೆ ಹೀಗಂದರಲ್ಲ ಸರ್? ದಿಲ್ಲಿಗೆ ಯಾಕೆ ಹೋಗಿದ್ದಿರಿ ಸರ್? ನಾನು ಎಣಿಸಿದೆ, ಐದು ಪ್ರಶ್ನೆ. ಐದರಲ್ಲಿ ಒಂದೂ ಈ ಊರಿನದಲ್ಲ. ಅವತ್ತು ನಮ್ಮ ಓಣಿಯಲ್ಲಿ ನಳಕ್ಕೆ ನೀರು ಬಂದು ಒಂಬತ್ತು ದಿನವಾಗಿತ್ತು. ಅದನ್ನು ಕೇಳುವವರು ಯಾರೂ ಇರಲಿಲ್ಲ. ಮರುದಿನ ಪೇಪರಿನಲ್ಲಿ ಸುದ್ದಿ "ಹುಬ್ಬಳ್ಳಿ:" ಎಂದೇ ಶುರುವಾಗಿತ್ತು. ಕೆಳಗಿದ್ದದ್ದೆಲ್ಲ ಬೆಂಗಳೂರಿನ ಜಗಳ.

ನೀವು ದಿನಾ ನೋಡುವ ಹುಬ್ಬಳ್ಳಿ ಅದು. ನಮ್ಮ ಕಡೆ ನಾಯಕರು ಜಾಸ್ತಿ. 2012ರಲ್ಲಿ ಹುಬ್ಬಳ್ಳಿಯ ಜಗದೀಶ ಶೆಟ್ಟರ್ ಮುಖ್ಯಮಂತ್ರಿಯಾದರು, 2021ರಲ್ಲಿ ಹಾವೇರಿ ಜಿಲ್ಲೆ ಶಿಗ್ಗಾವಿಯ ಶಾಸಕ ಬಸವರಾಜ ಬೊಮ್ಮಾಯಿ ಆದರು. ವಾರದ ಕೊನೆಗೆ ಊರಿಗೆ ಬಂದವರೆಲ್ಲ ಏನಾದರೊಂದು ಹೇಳಿಕೆ ಕೊಟ್ಟು ಹೋಗುತ್ತಾರೆ. ಹೇಳಿಕೆ ಹುಡುಕಿಕೊಂಡು ಎಲ್ಲೂ ಅಲೆಯಬೇಕಿಲ್ಲ, ಖರ್ಚೂ ಇಲ್ಲ.

ಇನ್ನು ನೀವು ನಮ್ಮನ್ನು ಗಡಿನಾಡಿನವರು ಅಂದಿರಿ. ನಕಾಶೆ ನೋಡಿದರೆ ಧಾರವಾಡ ಜಿಲ್ಲೆಗೆ ಯಾವ ಕಡೆಯೂ ಬೇರೆ ರಾಜ್ಯ ತಾಗುವುದಿಲ್ಲ. ನಡುವೆ ಬೆಳಗಾವಿ ಇದೆ, ಉತ್ತರ ಕನ್ನಡ ಇದೆ. ಆದರೂ ನಿಮ್ಮ ಮಾತು ಪೂರ್ತಿ ತಪ್ಪಲ್ಲ. 1956ರವರೆಗೆ ನಾವು ಮುಂಬೈ ಪ್ರಾಂತದಲ್ಲೇ ಇದ್ದೆವು. ನಮ್ಮ ಅಕ್ಕನನ್ನು ಖಾನಾಪುರಕ್ಕೆ ಕೊಟ್ಟಿದ್ದೇವೆ, ಕಾಕಾನ ಹೊಲ ನವಲಗುಂದದಲ್ಲಿದೆ. ಅಕ್ಕನ ಊರಿನ ಕಡೆ ಹುಟ್ಟುವ ಹಳ್ಳದ ನೀರು ಕಾಕಾನ ಕಡೆ ಬರಬೇಕೋ ಬೇಡವೋ ಅನ್ನುವುದೇ ಗೋವಾ ಜೊತೆಗಿನ ಮಹದಾಯಿ ನದಿಯ ಜಗಳ. ವಾಯವ್ಯ ಸಾರಿಗೆಯ ಕೇಂದ್ರ ಕಚೇರಿ ಇರುವುದೂ ಹುಬ್ಬಳ್ಳಿಯಲ್ಲೇ. ಹಾಗಾಗಿ ಗಡಿಯಲ್ಲಿ ಯಾರೋ ಬಸ್ಸಿಗೆ ಮಸಿ ಬಳಿದರೆ ಅದರ ಬಿಸಿ ನಮ್ಮ ಬಸ್‌ ಸ್ಟ್ಯಾಂಡಿಗೆ ಆ ಸಂಜೆಯೇ ತಟ್ಟುತ್ತದೆ.

2022ರ ಡಿಸೆಂಬರಿನಲ್ಲಿ ನಾನು ಕೊಲ್ಲಾಪುರಕ್ಕೆ ಹೊರಟಿದ್ದೆ. ಬಸ್ಸು ನಿಪ್ಪಾಣಿಯವರೆಗೆ ಮಾತ್ರ ಅಂದರು. ಸ್ಟ್ಯಾಂಡಿನ ಚಹಾ ಅಂಗಡಿಯಲ್ಲಿ ಕೂತೆ. ಮೇಲೆ ಟಿವಿಯಲ್ಲಿ ಕೆಂಪು ಅಕ್ಷರದಲ್ಲಿ "ಗಡಿ ಧಗಧಗ". ಕೆಳಗೆ ಅಂಗಡಿಯವನು ಒಬ್ಬರ ಹತ್ತಿರ ಮರಾಠಿಯಲ್ಲಿ ಚಿಲ್ಲರೆ ಕೇಳುತ್ತಿದ್ದ, ಇನ್ನೊಬ್ಬರ ಹತ್ತಿರ ಕನ್ನಡದಲ್ಲಿ. ಧಗಧಗ ಅನ್ನುವಂಥದ್ದು ಅಲ್ಲಿ ಅವನ ಒಲೆ ಒಂದೇ. ಗಲಾಟೆ ಇರಲೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಕಲ್ಲು ಬಿದ್ದಿತ್ತು, ಲಾರಿ ಗಾಜು ಒಡೆದಿತ್ತು, ಎರಡೂ ಕಡೆ. ಆದರೆ ಒಂದೆರಡು ಜಾಗದಲ್ಲಿ ನಡೆದದ್ದನ್ನು ಇಡೀ ಗಡಿಗೆ ಹಚ್ಚಿದರೆ, ಬೆಂಗಳೂರಲ್ಲಿ ಕೂತವರಿಗೆ ಇಲ್ಲಿ ನಾವು ದಿನಾ ಬಡಿದಾಡುತ್ತಿದ್ದೇವೆ ಅನಿಸದೆ ಇರುತ್ತದೆಯೇ?

ಅಕ್ಕನ ಮನೆಗೆ ಎರಡು ಪೇಪರ್ ಬರುತ್ತವೆ, ಒಂದು ಕನ್ನಡ, ಒಂದು ಮರಾಠಿ. ಭಾವನವರಿಗೆ ಎರಡೂ ಬೇಕು. ನವೆಂಬರ್ ಒಂದಕ್ಕೆ ಅವರ ಮನೆಯಲ್ಲಿ ಕೂತು ಎರಡನ್ನೂ ಪಕ್ಕಪಕ್ಕ ಹರಡಿ ನೋಡಬೇಕು ನೀವು. ಒಂದರಲ್ಲಿ ರಾಜ್ಯೋತ್ಸವ, ಕೆಂಪು ಹಳದಿ. ಇನ್ನೊಂದರಲ್ಲಿ ಕಾಳಾ ದಿನ, ಅಂದರೆ ಕರಾಳ ದಿನ. ನಮಗೆ ಗಡಿ ಭಾಗ, ಅವರಿಗೆ ಸೀಮಾಭಾಗ. ಗಡಿ ವಿವಾದದ ಮೇಲಿನ 1967ರ ಮಹಾಜನ್ ವರದಿ ನಮಗೆ ಕೊನೆಯ ಮಾತು, ಅವರಿಗೆ ಅನ್ಯಾಯ. 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹಾಕಿದ ದಾವೆ ಮಾತ್ರ ಎರಡರಲ್ಲೂ ಒಂದೇ. ನೀರಿನ ಸುದ್ದಿಯಲ್ಲಂತೂ ಇನ್ನೂ ಮಜಾ. ನಾವು ಮಹದಾಯಿ ಅಂದರೆ ಅವರು ಮ್ಹಾದಯಿ. ನಮ್ಮವರು "ನಮ್ಮ ಪಾಲಿನ ನೀರು" ಅಂತ ಬರೆಯುತ್ತಾರೆ. ಮರಾಠಿಯಲ್ಲಿ ನೀರು ತಿರುಗಿಸಿದರು ಅನ್ನುವುದಕ್ಕೆ "ವಳವಲೆ" ಅನ್ನುತ್ತಾರೆ. ಸಿಟ್ಟು ಬಂದ ದಿನ ಅದು "ಪಳವಲೆ" ಆಗುತ್ತದೆ, ಅಂದರೆ ಹೊಡೆದುಕೊಂಡು ಹೋದರು. ಒಂದೇ ಅಕ್ಷರದ ವ್ಯತ್ಯಾಸ. ಭಾವ ಅದಕ್ಕೆ ಬೆರಳಿಟ್ಟು ತೋರಿಸಿ ನಗುತ್ತಾರೆ. ನಮ್ಮ ಪೇಪರಿನಲ್ಲೂ ಅಂಥ ಬೆರಳಿಡುವ ಜಾಗ ಕಡಿಮೆ ಏನಿಲ್ಲ.

ಅದರಲ್ಲಿ ಒಂದನ್ನು ಕಾಕಾ ನನಗೆ ತೋರಿಸಿದ್ದು. 2018ರ ಆಗಸ್ಟ್ 14ಕ್ಕೆ ಮಹದಾಯಿ ನ್ಯಾಯಮಂಡಳಿಯ ತೀರ್ಪು ಬಂತು. ಟಿವಿ ತುಂಬ ಒಂದೇ ಅಂಕಿ: ಕರ್ನಾಟಕಕ್ಕೆ 13.42 ಟಿಎಂಸಿ. ನಾವು ಕಳಸಾ, ಬಂಡೂರಿ ಹಳ್ಳಗಳಿಂದ ಮಲಪ್ರಭಾ ಹೊಳೆಗೆ ಕೇಳಿದ್ದೇ 7.56. ಕೇಳಿದ್ದಕ್ಕಿಂತ ಜಾಸ್ತಿ ಕೊಟ್ಟರು ಅಂತ ನಮ್ಮ ಓಣಿಯ ಹುಡುಗರು ಪಟಾಕಿ ಹೊಡೆದರು. ನಾನೂ ಪೇಡೆ ತಿಂದೆ, ಸುಳ್ಳು ಯಾಕೆ ಹೇಳಲಿ. ನಾಲ್ಕು ದಿನ ಬಿಟ್ಟು ಊರಿಗೆ ಹೋದರೆ ಕಾಕಾ ಕಟ್ಟೆ ಮೇಲೆ ಕೂತಿದ್ದರು. ಮುಖದಲ್ಲಿ ನಗುವಿಲ್ಲ. ಒಳಪುಟದ ಮೂಲೆಯಲ್ಲಿ ಬಂದ ಸಣ್ಣ ಪಟ್ಟಿಯೊಂದನ್ನು ಕತ್ತರಿಸಿ ಇಟ್ಟುಕೊಂಡಿದ್ದರು.

"ಏ ತಮ್ಮಾ, ಪೆನ್ ಕೊಡಿಲ್ಲೆ" ಅಂದರು. ಪೇಪರಿನ ಖಾಲಿ ಅಂಚಿನಲ್ಲಿ 13.42 ಬರೆದರು. ಅದರ ಕೆಳಗೆ 8.02. "ಇದು ಕರೆಂಟಿನ ನೀರು. ಕರೆಂಟ್ ತಗದು ಮತ್ತ ಹೊಳಿಗೇ ಬಿಡಬೇಕು. ನಮಗ ಬರಂಗಿಲ್ಲ." ಕಳೆದರು, 5.40 ಉಳಿಯಿತು. "ಇದರಾಗ ಒಂದೂವರೆ ಅಲ್ಲೇ ಆ ಹೊಳಿ ದಂಡಿ ಊರಿನವರಿಗೆ." ಉಳಿದದ್ದು 3.90. ಕಳಸಾದಿಂದ 1.72, ಬಂಡೂರಿಯಿಂದ 2.18. ಕೇಳಿದ 7.56ರಲ್ಲಿ ಅರ್ಧಕ್ಕಿಂತ ಕೂದಲೆಳೆಯಷ್ಟು ಮೇಲೆ. ಪೆನ್ನಿನ ಮುಚ್ಚಳ ಹಾಕಿ, "ಪಟಾಕಿ ಯಾವ ಲೆಕ್ಕಕ್ಕ ಹೊಡದ್ರಿ?" ಅಂತ ಕೇಳಿದರು. ಕಾಕಾ ಓದಿದ್ದು ಏಳನೇ ಇಯತ್ತೆ.

13.42 ಸುಳ್ಳು ಅಂಕಿ ಅಲ್ಲ, ಅದನ್ನು ನೆನಪಿಡಿ. ಅದು ತೀರ್ಪಿನಲ್ಲೇ ಇದೆ. ಆದರೆ ನವಲಗುಂದದ ರೈತನಿಗೆ, ಹುಬ್ಬಳ್ಳಿಯ ನಳಕ್ಕೆ ಸಂಬಂಧಪಟ್ಟ ಅಂಕಿ ಅದಲ್ಲ. ಆ ಕಳೆಯುವ ಲೆಕ್ಕವನ್ನು ಮೊದಲ ದಿನವೇ ಮೊದಲ ಪುಟದಲ್ಲಿ ಮಾಡಿ ತೋರಿಸಬೇಕಾದವರು ಯಾರು? ಕಾಕಾ ಅಂತೂ ಅಲ್ಲ. ಆಮೇಲೆ 2020ರ ಫೆಬ್ರವರಿಯಲ್ಲಿ ಗೆಜೆಟ್ ಅಧಿಸೂಚನೆ ಬಂದಾಗ ಮತ್ತೊಮ್ಮೆ ಸಿಹಿ. 2022ರ ಡಿಸೆಂಬರಿನಲ್ಲಿ ಕೇಂದ್ರ ಜಲ ಆಯೋಗ ಯೋಜನಾ ವರದಿಗೆ ಒಪ್ಪಿದಾಗ ಮಗದೊಮ್ಮೆ. ಅರಣ್ಯದ, ವನ್ಯಜೀವಿ ಮಂಡಳಿಯ ಅನುಮತಿ ಎನ್ನುವ ಬಾಗಿಲು ಮುಂದೆ ಇದೆ ಎಂಬುದು ಮೂರೂ ಸಲ ಸುದ್ದಿಯ ಕೊನೆಯ ಸಾಲಿನಲ್ಲಿತ್ತು. ಜಾಗ ಸಾಲದಿದ್ದರೆ ಪುಟ ಮಾಡುವವರು ಮೊದಲು ಕತ್ತರಿಸುವುದೂ ಆ ಕೊನೆಯ ಸಾಲನ್ನೇ.

ನೀವು ಕೇಳಬಹುದು, ಮಹದಾಯಿ ಹೋರಾಟವನ್ನು ಪತ್ರಿಕೆಗಳು ಬರೆದವಲ್ಲ ಅಂತ. ಬರೆದವು, ಚೆನ್ನಾಗಿಯೇ ಬರೆದವು. 2015ರ ಜುಲೈನಲ್ಲಿ ನರಗುಂದದಲ್ಲಿ ಧರಣಿ ಶುರುವಾಯಿತು. ಮುಂದಿನ ವರ್ಷ ಜುಲೈ 27ಕ್ಕೆ ನೀರಿಗಾಗಿ ಕರ್ನಾಟಕ ಹಾಕಿದ್ದ ಮಧ್ಯಂತರ ಅರ್ಜಿಯನ್ನು ನ್ಯಾಯಮಂಡಳಿ ತಿರಸ್ಕರಿಸಿದ ಮೇಲೆ ಇಡೀ ಸೀಮೆ ಬೀದಿಗಿಳಿಯಿತು. ಯಮನೂರಿನಲ್ಲಿ ಪೊಲೀಸರು ಮನೆ ಹೊಕ್ಕು ಹೆಂಗಸರನ್ನು, ಮುದುಕರನ್ನು ಹೊಡೆದದ್ದು ಕ್ಯಾಮೆರಾದಲ್ಲಿ ಸಿಗದೇ ಹೋಗಿದ್ದರೆ ಯಾರೂ ನಂಬುತ್ತಿರಲಿಲ್ಲ. ಅವತ್ತು ಟಿವಿಯವರು ಮಾಡಿದ ಉಪಕಾರವನ್ನು ನಾನು ಮರೆಯುವುದಿಲ್ಲ. ನಾನು ಟಿವಿ ಬೈಯುವಾಗೆಲ್ಲ ಅವ್ವ ಅದನ್ನೇ ನೆನಪಿಸುತ್ತಾಳೆ. ಆದರೆ ಲಾಠಿ ಬೀಸಿದ ದಿನ ಬಂದ ಕ್ಯಾಮೆರಾ ಧರಣಿಯ ಇನ್ನೂರನೇ ದಿನ ಬರಲಿಲ್ಲ, ಮುನ್ನೂರನೇ ದಿನವೂ ಬರಲಿಲ್ಲ. ಫೈಲು ದಿಲ್ಲಿಯಲ್ಲಿ ಸುಮ್ನೆ ಕೂತಿರುವುದನ್ನು ಚಿತ್ರ ಹಿಡಿಯಲು ಬರುವುದಿಲ್ಲ ನೋಡಿ.

ಇಲ್ಲಿಯ ಹಿರಿಯರಿಗೆ ಇದು ಹಳೆಯ ಅನುಭವ. 1980ರ ಜುಲೈ 21ಕ್ಕೆ ನರಗುಂದ, ನವಲಗುಂದದಲ್ಲಿ ಗೋಲಿಬಾರ್ ಆಗಿ ರೈತರು ಸತ್ತರು. ಮಲಪ್ರಭಾ ಕಾಲುವೆಯ ನೀರು ಸರಿಯಾಗಿ ಬಾರದ ಹೊಲಕ್ಕೂ ಬೆಟರ್‌ಮೆಂಟ್ ಲೆವಿ (ನೀರಾವರಿಯಿಂದ ಹೊಲದ ಬೆಲೆ ಏರಿತೆಂದು ಹಾಕುವ ಕರ) ಕಟ್ಟಿ ಅಂದದ್ದಕ್ಕೆ ಶುರುವಾದ ಸಿಟ್ಟು ಅದು. ರೈತರು ಅರ್ಜಿ ಹಿಡಿದು ಕಚೇರಿ ಕಚೇರಿ ಅಲೆದ ಕಾಲ ಅದಕ್ಕೂ ಹಿಂದಿನದು. ಆಗ ಅದು ಯಾರಿಗೂ ದೊಡ್ಡ ಸುದ್ದಿಯಾಗಿರಲಿಲ್ಲ ಅನ್ನುವುದು ಕಾಕಾನ ಸಿಟ್ಟು.

ಈಗ ಜಿಲ್ಲಾ ಪುಟದ ವಿಷಯ. ನಮ್ಮ ಸುದ್ದಿ ಬರುವುದೇ ಇಲ್ಲ ಅಂದರೆ ತಪ್ಪಾಗುತ್ತದೆ. ಬರುತ್ತದೆ, ಆದರೆ ನಮಗೇ ಬರುತ್ತದೆ. ಗದಗಿನ ಸುದ್ದಿ ಗದಗಿನ ಪುಟದಲ್ಲಿ, ಹಾವೇರಿಯದು ಹಾವೇರಿಯಲ್ಲಿ. 1997ರವರೆಗೆ ಮೂರೂ ಸೇರಿ ಒಂದೇ ಧಾರವಾಡ ಜಿಲ್ಲೆ. ಈಗ ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ದರ ಬಿದ್ದರೆ ಕುಂದಗೋಳದ ಬೆಳೆಗಾರನಿಗೆ ಅದು ಪೇಪರಿನಿಂದ ಗೊತ್ತಾಗುವುದಿಲ್ಲ, ವಾಟ್ಸಾಪಿನಿಂದ ಗೊತ್ತಾಗುತ್ತದೆ. ನಿಮ್ಮ ಮೈಸೂರಿಗಂತೂ ಮುಟ್ಟುವ ಮಾತೇ ಇಲ್ಲ. ಒಂದೇ ಪತ್ರಿಕೆ, ಒಂದೇ ದಿನ, ಆವೃತ್ತಿ ಬೇರೆ.

ನನಗೆ ಪರಿಚಯದ ತಾಲೂಕು ವರದಿಗಾರನೊಬ್ಬನಿದ್ದಾನೆ. ಅರೆಕಾಲಿಕ. ಬೆಳಿಗ್ಗೆ ಗೊಬ್ಬರದ ಅಂಗಡಿ, ಮಧ್ಯಾಹ್ನದ ಮೇಲೆ ಸುದ್ದಿ. ಒಂದು ಸಂಜೆ ಅವನ ಅಂಗಡಿಯಲ್ಲಿ ಗಿರ್ಮಿಟ್ ತಿನ್ನುತ್ತ ಕೂತಿದ್ದೆ. ಒಂದು ತಾಸಿನಲ್ಲಿ ಅವನ ಮೊಬೈಲಿಗೆ ಹದಿನೇಳು ಪತ್ರಿಕಾ ಪ್ರಕಟಣೆ ಬಂದವು, ಫೋಟೋ ಸಮೇತ, ಶೀರ್ಷಿಕೆ ಸಮೇತ. ಎಲ್ಲ ಪಕ್ಷದವರದೂ ಇತ್ತು. ಹೆಸರು ಬಿಟ್ಟರೆ ರಾತ್ರಿಯೇ ಫೋನ್ ಮಾಡಿ ಜಗಳ. "ನಾ ಕಾಲುವಿ ಹೂಳಿನ ಮ್ಯಾಲೆ ನಾಕು ದಿನ ಓಡ್ಯಾಡಿ ಬರದೆ ಸರ. ಬಂದಿದ್ದು ಆರು ಸಾಲು. ಬಾಜೂಕ ಹುಟ್ಟುಹಬ್ಬದ ಜಾಹೀರಾತು, ಅರ್ಧ ಪುಟ. ಅದನ್ನ ತಂದಾವನೂ ನಾನ" ಅಂದ. ಜಾಹೀರಾತಿಗೆ ಅವನಿಗೆ ಟಾರ್ಗೆಟ್ ಇದೆ, ಕಾಲುವೆ ಹೂಳಿಗೆ ಇಲ್ಲ. ಯಾರ ಬಗ್ಗೆ ಹೂಳಿನ ವರದಿ ಬರೆಯಬೇಕೋ ಅವರ ಹತ್ತಿರವೇ ಶುಭಾಶಯದ ಪುಟ ಕೇಳಲು ಹೋಗಬೇಕು. ಪತ್ರಕರ್ತರೆಲ್ಲ ಮಾರಿಕೊಂಡಿದ್ದಾರೆ ಅಂತ ಸಲೀಸಾಗಿ ಬೈಯುವವರನ್ನು ಒಂದು ವಾರ ಆ ಗೊಬ್ಬರದ ಅಂಗಡಿಯಲ್ಲಿ ಕೂರಿಸಬೇಕು ಅನಿಸುತ್ತದೆ ನನಗೆ.

ಬೇಜಾರು ಯಾಕೆಂದರೆ, ಇದು ಪತ್ರಿಕೆಗಳು ಹುಟ್ಟಿ ಬೆಳೆದ ನೆಲ. ರಂಗನಾಥ ದಿವಾಕರರು 1921ರಲ್ಲಿ ಧಾರವಾಡದಿಂದ 'ಕರ್ಮವೀರ' ತಂದರು. ಮುಂದೆ ಅವರೇ ನೆಹರೂ ಸರ್ಕಾರದಲ್ಲಿ ವಾರ್ತಾ ಸಚಿವರಾಗಿದ್ದಾಗ, 1950ರ ಜನವರಿ 8ಕ್ಕೆ ಧಾರವಾಡ ಆಕಾಶವಾಣಿ ಶುರುವಾಯಿತು. ಪಾಟೀಲ ಪುಟ್ಟಪ್ಪನವರ (ನಮಗೆಲ್ಲ ಪಾಪು) 'ಪ್ರಪಂಚ' ಪತ್ರಿಕೆ ಹೊರಟದ್ದು ಹುಬ್ಬಳ್ಳಿಯಿಂದ. 2020ರಲ್ಲಿ ತೀರಿಕೊಳ್ಳುವವರೆಗೂ ಪಾಪು ಯಾವ ಮಂತ್ರಿಗೂ ಮುಲಾಜು ನೋಡಿದವರಲ್ಲ. ಹಳೆಯದೆಲ್ಲ ಚಿನ್ನ ಅಂತ ನಾನು ಹೇಳುವುದಿಲ್ಲ, ಆಗಲೂ ಪತ್ರಿಕೆಗಳಿಗೆ ಪಕ್ಷ ಇತ್ತು, ಜಾತಿ ಇತ್ತು. ಆದರೆ ಏನು ಸುದ್ದಿ ಅನ್ನುವುದನ್ನು ಇಲ್ಲಿ ಕೂತವರೇ ತೀರ್ಮಾನಿಸುತ್ತಿದ್ದರು.

ಈಗ ಆ ತೀರ್ಮಾನ ಇತ್ತ ಬರುವುದು ವರ್ಷಕ್ಕೊಮ್ಮೆ, ಬೆಳಗಾವಿ ಅಧಿವೇಶನದ ಹೊತ್ತಿಗೆ. 2012ರಲ್ಲಿ ಸುವರ್ಣ ವಿಧಾನಸೌಧ ಉದ್ಘಾಟನೆಯಾದ ಮೇಲೆ ಹೆಚ್ಚು ಕಡಿಮೆ ಪ್ರತಿ ಚಳಿಗಾಲಕ್ಕೆ ಹತ್ತು ದಿನ ಟಿವಿಯವರ ಓಬಿ ವ್ಯಾನುಗಳ ಸಾಲು. ಆ ಹತ್ತು ದಿನವೂ ಬೆಂಗಳೂರಿನ ಜಗಳವನ್ನೇ ಬೆಳಗಾವಿಯ ಚಳಿಯಲ್ಲಿ ನಿಂತು ಹೇಳುತ್ತಾರೆ. ಉತ್ತರ ಕರ್ನಾಟಕದ ಚರ್ಚೆ ಹೆಚ್ಚಿನ ಸಲ ಕೊನೆಯ ದಿನಗಳಲ್ಲಿ, ಅರ್ಧ ಸದನ ಊರಿಗೆ ಹೊರಟ ಮೇಲೆ.

ನಿಮಗೊಂದು ಕೆಲಸ ಹೇಳಲೇ? ಬರುವ ಜುಲೈ 21ಕ್ಕೆ ನನ್ನ ಜೊತೆ ನರಗುಂದಕ್ಕೆ ಬನ್ನಿ. ವೀರಗಲ್ಲಿಗೆ ಮಾಲೆ ಹಾಕಲು ಎಲ್ಲ ಪಕ್ಷದವರೂ ಬರುತ್ತಾರೆ, ಭಾಷಣ ಕೇಳೋಣ. ವಾಪಸ್ ಬರುತ್ತ ನವಲಗುಂದದಲ್ಲಿ ಕಾಕಾನ ಮನೆಯಲ್ಲಿ ಕಟಕ ರೊಟ್ಟಿ ಊಟ. ಮರುದಿನ ಮೈಸೂರಿನಲ್ಲಿರುವ ನಿಮ್ಮ ತಮ್ಮನಿಗೆ ಹೇಳಿ ಅಲ್ಲಿಯ ಆವೃತ್ತಿಯ ಎಲ್ಲ ಪುಟಗಳ ಫೋಟೋ ಕಳಿಸಲು ಹೇಳಿ. ನಾನು ಇಲ್ಲಿಯದನ್ನು ತರುತ್ತೇನೆ. ಪೆನ್ನು ಕಾಕಾನ ಹತ್ತಿರ ಇದೆ.