ಲಿನಕ್ಸ್‌ನಲ್ಲಿ ಪ್ರಿಂಟರ್ ಮತ್ತು ಸ್ಕ್ಯಾನರ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ಪ್ರೌಢಶಾಲೆಯ ಹಳೆಯ ಡೆಸ್ಕ್‌ಟಾಪ್‌ನಲ್ಲಿ ವಿಂಡೋಸ್ ಜೊತೆಗೆ ಲಿನಕ್ಸ್ ಮಿಂಟ್ ಕೂಡ ಹಾಕಿಸಿದ್ದೇವೆ. ಪ್ರಿಂಟರ್ ಎಚ್‌ಪಿ ಲೇಸರ್‌ಜೆಟ್ 1020. ಮಿಂಟ್‌ನ ಪ್ರಿಂಟರ್ ಪಟ್ಟಿಯಲ್ಲಿ ಅದರ ಹೆಸರು ತಾನಾಗಿಯೇ ಬಂದಿದೆ. ಆದರೆ ಮೊದಲು ವಿಂಡೋಸ್‌ನಲ್ಲಿ ಒಂದು ಪುಟ ಪ್ರಿಂಟ್ ತೆಗೆದು, ಆಮೇಲೆ ಮಿಂಟ್‌ಗೆ ಬಂದರೆ ಮಾತ್ರ ಪ್ರಿಂಟ್ ಬರುತ್ತದೆ. ಕರೆಂಟು ಹೋಗಿ ಬಂದರೆ ಮತ್ತೆ ನಿಂತುಹೋಗುತ್ತದೆ. ಪ್ರಿಂಟರ್ ಕೆಟ್ಟಿದೆಯೇ?
— ಶಿಕ್ಷಕಿ, ಸಾಗರ

ಉತ್ತರ: ಪ್ರಿಂಟರ್ ಕೆಟ್ಟಿಲ್ಲ. ನೀವು ಗಮನಿಸಿ ಬರೆದಿರುವ ವಿವರದಲ್ಲಿಯೇ ಕಾರಣವಿದೆ. ಲೇಸರ್‌ಜೆಟ್ 1020, 1018, ಪಿ1005, ಪಿ1007, ಪಿ1008 ಮೊದಲಾದ ಮಾದರಿಗಳು ತಮ್ಮ ಕೆಲಸಕ್ಕೆ ಬೇಕಾದ ಫರ್ಮ್‌ವೇರನ್ನು, ಅಂದರೆ ಯಂತ್ರವನ್ನು ಒಳಗಿನಿಂದ ನಡೆಸುವ ತಂತ್ರಾಂಶವನ್ನು, ಶಾಶ್ವತವಾಗಿ ತಮ್ಮೊಳಗೆ ಇಟ್ಟುಕೊಂಡಿರುವುದಿಲ್ಲ; ಪ್ರಿಂಟರ್‌ನ ಸ್ವಿಚ್ ಹಾಕಿದಾಗಲೆಲ್ಲ ಕಂಪ್ಯೂಟರ್ ಅದನ್ನು ಯುಎಸ್‌ಬಿ ತಂತಿಯ ಮೂಲಕ ಹೊಸದಾಗಿ ಕಳುಹಿಸಬೇಕಾಗುತ್ತದೆ. ವಿಂಡೋಸ್‌ನ ಡ್ರೈವರ್, ಅಂದರೆ ಕಂಪ್ಯೂಟರಿನಿಂದ ಪ್ರಿಂಟರನ್ನು ನಡೆಸುವ ತಂತ್ರಾಂಶ, ಈ ಕೆಲಸವನ್ನು ಸದ್ದಿಲ್ಲದೆ ಮಾಡುತ್ತದೆ. ಹಾಗೆ ಬಂದ ಫರ್ಮ್‌ವೇರ್ ಪ್ರಿಂಟರ್ ಆರುವವರೆಗೂ ಅದರ ನೆನಪಿನಲ್ಲಿ ಉಳಿಯುವುದರಿಂದ, ನೀವು ಮಿಂಟ್‌ಗೆ ಬಂದ ಮೇಲೂ ಪ್ರಿಂಟ್ ಬರುತ್ತದೆ. ಕರೆಂಟು ಹೋದ ಕ್ಷಣ ಅದು ಅಳಿಸಿಹೋಗುತ್ತದೆ.

ಲಿನಕ್ಸ್‌ನಲ್ಲಿ ಇದೇ ಕೆಲಸವನ್ನು ಮಾಡುವುದು ಎಚ್‌ಪಿಯೇ ಒದಗಿಸುವ ಎಚ್‌ಪಿಲಿಪ್ ಎಂಬ ತಂತ್ರಾಂಶ. ಅದರ ಬಹುಭಾಗ ಮುಕ್ತ ತಂತ್ರಾಂಶವಾದರೂ ಫರ್ಮ್‌ವೇರ್ ಮಾತ್ರ ಮುಕ್ತವಲ್ಲದ ಪ್ಲಗಿನ್ ರೂಪದಲ್ಲಿ ಬೇರೆಯಾಗಿಯೇ ಬರುತ್ತದೆ. ಆದ್ದರಿಂದ ಅದನ್ನು ನೀವೇ ಒಪ್ಪಿಗೆ ಕೊಟ್ಟು ಇಳಿಸಿಕೊಳ್ಳಬೇಕು. ಸಾಫ್ಟ್‌ವೇರ್ ಮ್ಯಾನೇಜರ್‌ನಿಂದ ಎಚ್‌ಪಿಲಿಪ್ ಮತ್ತು ಎಚ್‌ಪಿಲಿಪ್-ಜಿಯುಐ ಎಂಬ ಎರಡು ಪೊಟ್ಟಣಗಳನ್ನು ಹಾಕಿಕೊಳ್ಳಿ. ಇಂಟರ್ನೆಟ್ ಸಂಪರ್ಕ ಇರುವಾಗ ಟರ್ಮಿನಲ್ (ಆದೇಶಗಳನ್ನು ಟೈಪ್ ಮಾಡುವ ಕಿಟಕಿ) ತೆರೆದು, ಎಲ್ಲವನ್ನೂ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ, ಎಚ್‌ಪಿ, ಅಡ್ಡಗೆರೆ, ಪ್ಲಗಿನ್ ಎಂದು ಜಾಗ ಬಿಡದೆ ಟೈಪ್ ಮಾಡಿ ಎಂಟರ್ ಒತ್ತಿ. ಪರವಾನಗಿಯ ಷರತ್ತುಗಳನ್ನು ಒಪ್ಪಿ, ಪಾಸ್‌ವರ್ಡ್ ಕೊಟ್ಟರೆ ಪ್ಲಗಿನ್ ಕೂರುತ್ತದೆ. ಬಳಿಕ ಅದೇ ರೀತಿ ಎಚ್‌ಪಿ, ಅಡ್ಡಗೆರೆ, ಸೆಟಪ್ ಎಂದು ಕೊಟ್ಟು ಪ್ರಿಂಟರನ್ನು ಹೊಸದಾಗಿ ಸೇರಿಸಿ, ತಾನಾಗಿ ಬಂದಿದ್ದ ಹಳೆಯ ಹೆಸರನ್ನು ಪಟ್ಟಿಯಿಂದ ಅಳಿಸಿ. ಈ ಅಳಿಸುವಿಕೆ ಮುಖ್ಯ. ಇದೇ ಮಾದರಿಗೆ ಫೂ2ಝಡ್‌ಜೆಎಸ್ ಎಂಬ ಇನ್ನೊಂದು ಡ್ರೈವರ್ ಕೂಡ ಇದ್ದು, ಎರಡೂ ಒಟ್ಟಿಗೆ ಪಟ್ಟಿಯಲ್ಲಿದ್ದರೆ ಯಾವ ಹೆಸರಿಗೆ ಪ್ರಿಂಟ್ ಹೋಯಿತು ಎಂಬುದೇ ತಿಳಿಯದೆ ಗೊಂದಲವಾಗುತ್ತದೆ.

ಎರಡು ಎಚ್ಚರಿಕೆಗಳನ್ನು ಹೇಳಲೇಬೇಕು. ಪ್ಲಗಿನ್‌ನ ಆವೃತ್ತಿಯೂ ಎಚ್‌ಪಿಲಿಪ್‌ನ ಆವೃತ್ತಿಯೂ ಒಂದೇ ಆಗಿರಬೇಕಾದ್ದರಿಂದ, ಮಿಂಟನ್ನು ಮುಂದಿನ ಆವೃತ್ತಿಗೆ ಏರಿಸಿದ ಮೇಲೆ ಪ್ರಿಂಟ್ ನಿಂತರೆ ಗಾಬರಿಯಾಗದೆ ಪ್ಲಗಿನ್ ಆದೇಶವನ್ನು ಮತ್ತೊಮ್ಮೆ ಕೊಡಿ. ಇನ್ನೊಂದು, ಪ್ರಿಂಟ್ ನಡೆಯುತ್ತಿರುವಾಗಲೇ ಕರೆಂಟು ಹೋದರೆ ಪ್ರಿಂಟಿಂಗ್ ವ್ಯವಸ್ಥೆಯು ಆ ಪ್ರಿಂಟರಿನ ಸರತಿಯನ್ನು ತಾನೇ ನಿಲ್ಲಿಸಿಬಿಡಬಹುದು, ಆಗ ಫರ್ಮ್‌ವೇರ್ ಸರಿಯಾಗಿ ಹೋಗಿದ್ದರೂ ಹಾಳೆ ಹೊರಬರುವುದಿಲ್ಲ. ಬ್ರೌಸರ್‌ನ ವಿಳಾಸದ ಜಾಗದಲ್ಲಿ ಲೋಕಲ್‌ಹೋಸ್ಟ್ ಎಂದು ಬರೆದು, ಅದಕ್ಕೆ ಹೊಂದಿಕೊಂಡಂತೆ ವಿವರಣ ಚಿಹ್ನೆ (:) ಮತ್ತು 631 ಹಾಕಿದರೆ ಕಪ್ಸ್ ಎಂಬ ಪ್ರಿಂಟಿಂಗ್ ವ್ಯವಸ್ಥೆಯ ಪುಟ ತೆರೆಯುತ್ತದೆ. ಅಲ್ಲಿ ನಿಮ್ಮ ಪ್ರಿಂಟರಿನ ಹೆಸರು ಒತ್ತಿ, ಮೇಂಟೆನೆನ್ಸ್ ಪಟ್ಟಿಯಿಂದ ರೆಸ್ಯೂಮ್ ಪ್ರಿಂಟರ್ ಆರಿಸಿ. ಪಕ್ಕದ ಅಡ್ಮಿನಿಸ್ಟ್ರೇಷನ್ ಪಟ್ಟಿಯ ಡಿಫಾಲ್ಟ್ ಆಯ್ಕೆಗಳಲ್ಲಿ, ಪಾಲಿಸೀಸ್ ವಿಭಾಗದಲ್ಲಿ, ಎರರ್ ಪಾಲಿಸಿ ಎಂಬುದು ಸ್ಟಾಪ್-ಪ್ರಿಂಟರ್ ಎಂದಿದ್ದರೆ ರೀಟ್ರೈ-ಜಾಬ್ ಎಂದು ಬದಲಿಸಿ. ದಿನಕ್ಕೆ ನಾಲ್ಕಾರು ಬಾರಿ ಕರೆಂಟು ಹೋಗುವ ಊರಿನ ಶಾಲೆಗೆ ಇದೊಂದು ಬದಲಾವಣೆ ಎಷ್ಟೋ ನೆಮ್ಮದಿ ಕೊಡುತ್ತದೆ. ಅಲ್ಲಿಯೇ ಕಾಗದದ ಅಳತೆ ಎ4 ಎಂದಿದೆಯೇ ಎಂಬುದನ್ನೂ ನೋಡಿ; ಲೆಟರ್ ಎಂದಿದ್ದರೆ ಅಂಕಪಟ್ಟಿಯ ಅಂಚುಗಳು ಕತ್ತರಿಸಿ ಬರಬಹುದು.

ಪ್ರಶ್ನೆ: ನನ್ನ ಸಣ್ಣ ಜೆರಾಕ್ಸ್ ಅಂಗಡಿಯಲ್ಲಿ ಎಪ್ಸನ್ ಎಲ್3110 ಇದೆ. ಉಬುಂಟುವಿನಲ್ಲಿ ಪ್ರಿಂಟ್ ಚೆನ್ನಾಗಿ ಬರುತ್ತದೆ. ಆದರೆ ಸ್ಕ್ಯಾನ್ ಮಾಡಲು ಹೋದರೆ ಸ್ಕ್ಯಾನರ್ ಸಿಗಲಿಲ್ಲ ಎನ್ನುತ್ತದೆ. ಯಂತ್ರ ಒಂದೇ, ತಂತಿಯೂ ಒಂದೇ ಆಗಿರುವಾಗ ಹೀಗೇಕೆ?
— ಅಂಗಡಿ ಮಾಲೀಕರು, ಹುಣಸೂರು

ಉತ್ತರ: ನಿಮ್ಮ ಮೇಜಿನ ಮೇಲೆ ಯಂತ್ರ ಒಂದೇ ಆದರೂ ಲಿನಕ್ಸ್‌ನ ಕಣ್ಣಿಗೆ ಅವು ಎರಡು. ಪ್ರಿಂಟಿಂಗ್ ನೋಡಿಕೊಳ್ಳುವುದು ಕಪ್ಸ್. ಸ್ಕ್ಯಾನಿಂಗ್ ನೋಡಿಕೊಳ್ಳುವುದು ಸೇನ್ ಎಂಬ ಸಂಪೂರ್ಣ ಬೇರೆ ವ್ಯವಸ್ಥೆ. ಒಂದಕ್ಕೆ ಹಾಕಿದ ಡ್ರೈವರ್ ಇನ್ನೊಂದಕ್ಕೆ ಉಪಯೋಗವಿಲ್ಲ. ನಿಮ್ಮ ಪ್ರಿಂಟಿಂಗ್ ಸಲೀಸಾಗಿ ನಡೆಯಲು ಉಬುಂಟುವಿನ ಭಂಡಾರದಲ್ಲಿಯೇ ಇರುವ ಎಪ್ಸನ್‌ನ ಇಎಸ್‌ಸಿ/ಪಿ-ಆರ್ ಡ್ರೈವರ್ ಸಾಕಾಗಿದೆ. ಸ್ಕ್ಯಾನಿಂಗ್‌ಗೆ ಎಪ್ಸನ್ ಸ್ಕ್ಯಾನ್ 2 ಎಂಬ ತಂತ್ರಾಂಶವನ್ನು ಎಪ್ಸನ್ ಕಂಪನಿಯ ಲಿನಕ್ಸ್ ಡೌನ್‌ಲೋಡ್ ತಾಣದಲ್ಲಿ ನಿಮ್ಮ ಮಾದರಿಯ ಹೆಸರು ಕೊಟ್ಟು ಹುಡುಕಿ, ಉಬುಂಟುವಿಗೆ ಹೊಂದುವ ಡೆಬ್ ಕಡತವಾಗಿ ಇಳಿಸಿಕೊಳ್ಳಬೇಕು. ಅದನ್ನು ಹಾಕಿದ ಮೇಲೆ ಯುಎಸ್‌ಬಿ ತಂತಿಯನ್ನು ಒಮ್ಮೆ ಕಿತ್ತು ಮತ್ತೆ ಚುಚ್ಚಿ. ಸ್ಕ್ಯಾನರನ್ನು ಸಾಮಾನ್ಯ ಬಳಕೆದಾರರೂ ಬಳಸಬಹುದು ಎಂಬ ಅನುಮತಿಯ ನಿಯಮ ಆ ಪೊಟ್ಟಣದೊಂದಿಗೇ ಬರುತ್ತದೆ, ಆದರೆ ಯಂತ್ರವನ್ನು ಹೊಸದಾಗಿ ಜೋಡಿಸಿದಾಗ ಮಾತ್ರ ಅದು ಜಾರಿಗೆ ಬರುತ್ತದೆ. ತಂತಿಯನ್ನು ಕೀಳದೆ ಹಾಗೆಯೇ ಬಿಟ್ಟು, ತಂತ್ರಾಂಶ ಕೆಲಸ ಮಾಡುವುದಿಲ್ಲವೆಂದು ತೆಗೆದುಹಾಕುವವರು ಬಹಳ ಮಂದಿ.

ಇಷ್ಟಾದರೂ ಸಿಗದಿದ್ದರೆ ಟರ್ಮಿನಲ್‌ನಲ್ಲಿ ಸ್ಕ್ಯಾನ್‌ಇಮೇಜ್ ಎಂದು ಬರೆದು, ಒಂದು ಜಾಗ ಬಿಟ್ಟು, ಅಡ್ಡಗೆರೆ ಮತ್ತು ದೊಡ್ಡ ಅಕ್ಷರದ ಎಲ್ ಹಾಕಿ ಎಂಟರ್ ಒತ್ತಿ. ಸ್ಕ್ಯಾನರಿನ ಹೆಸರು ಬಂದರೆ ಡ್ರೈವರ್ ಸರಿಯಿದೆ, ಸ್ಕ್ಯಾನ್ ಮಾಡುವ ಆ್ಯಪ್ ಮುಚ್ಚಿ ತೆರೆದರೆ ಸಾಕು. ಬರದಿದ್ದರೆ ಅದೇ ಆದೇಶದ ಆರಂಭದಲ್ಲಿ, ನಿರ್ವಾಹಕರ ಅಧಿಕಾರ ಕೊಡುವ ಸುಡೊ ಎಂಬ ಪದ ಮತ್ತು ಒಂದು ಜಾಗ ಸೇರಿಸಿ ನೋಡಿ. ಈಗ ಮಾತ್ರ ಹೆಸರು ಬಂದರೆ ಡ್ರೈವರ್ ಇದೆ, ನಿಮ್ಮ ಖಾತೆಗೆ ಅನುಮತಿ ಇಲ್ಲ ಎಂದು ತಿಳಿಯಬೇಕು. ಆಗ ನಿಮ್ಮ ಖಾತೆಯನ್ನು ಸ್ಕ್ಯಾನರ್ ಎಂಬ ಗುಂಪಿಗೆ ಸೇರಿಸಿ, ಲಾಗೌಟ್ ಆಗಿ ಮತ್ತೆ ಲಾಗಿನ್ ಆಗಿ. ಎರಡೂ ಸಲ ಬರದಿದ್ದರೆ ಮಾತ್ರ ಡ್ರೈವರಿನ ಮೇಲೆ ಅನುಮಾನ ಪಡಬೇಕು. ಈ ಮೂರು ಸಾಧ್ಯತೆಗಳನ್ನು ಬೇರ್ಪಡಿಸಿಕೊಳ್ಳದೆ ಸಿಕ್ಕ ಡ್ರೈವರನ್ನೆಲ್ಲ ಒಂದರ ಮೇಲೊಂದು ಹಾಕುತ್ತ ಹೋದರೆ ಗಂಟು ಬಿಗಿಯಾಗುತ್ತದೆಯೇ ಹೊರತು ಬಿಡಿಸಿಕೊಳ್ಳುವುದಿಲ್ಲ.

ಗಿರಾಕಿಗಳ ಆಧಾರ್, ಪಹಣಿ ಮೊದಲಾದ ದಾಖಲೆಗಳಿಗೆ 300 ಡಿಪಿಐ (ಒಂದು ಇಂಚಿಗೆ ಇಷ್ಟು ಚುಕ್ಕೆ ಎಂಬ ಅಳತೆ) ಸಾಕು. 600 ಇಟ್ಟರೆ ಸ್ಕ್ಯಾನ್ ನಿಧಾನವಾಗುತ್ತದೆ, ಕಡತ ದೊಡ್ಡದಾಗಿ ಅರ್ಜಿ ಸಲ್ಲಿಸುವ ತಾಣಗಳಲ್ಲಿ ಮಿತಿ ಮೀರುತ್ತದೆ.

ಪ್ರಶ್ನೆ: ಪರಿಚಿತರೊಬ್ಬರು ಕ್ಯಾನನ್ ಎಲ್‌ಬಿಪಿ2900 ಪ್ರಿಂಟರನ್ನು ಕಡಿಮೆ ಬೆಲೆಗೆ ಕೊಡುತ್ತೇನೆ ಎನ್ನುತ್ತಿದ್ದಾರೆ. ನಾನು ಡೆಬಿಯನ್ ಬಳಸುತ್ತೇನೆ. ತೆಗೆದುಕೊಳ್ಳಬಹುದೇ?
— ವಿದ್ಯಾರ್ಥಿ, ವಿಜಯಪುರ

ಉತ್ತರ: ಬೇಡ. ಅದು ಗಟ್ಟಿಮುಟ್ಟಾದ ಪ್ರಿಂಟರ್ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅದಕ್ಕೆ ಅರ್ಥವಾಗುವುದು ಕ್ಯಾನನ್‌ನ ಸ್ವಂತದ ಕ್ಯಾಪ್ಟ್ ಎಂಬ ಭಾಷೆ ಮಾತ್ರ. ಅದಕ್ಕಾಗಿ ಕಂಪನಿ ಕೊಟ್ಟ ಲಿನಕ್ಸ್ ಡ್ರೈವರ್ ಹಳೆಯದು; ಅದು 32-ಬಿಟ್ ಲೈಬ್ರರಿಗಳನ್ನು ಕೇಳುತ್ತದೆ, ಹಿನ್ನೆಲೆಯಲ್ಲಿ ಪ್ರತ್ಯೇಕ ಸೇವೆಯೊಂದು ಸದಾ ಓಡುತ್ತಿರಬೇಕು ಎನ್ನುತ್ತದೆ. ಸಮುದಾಯದವರು ಆ ಭಾಷೆಯನ್ನು ಬಿಡಿಸಿ ಬರೆದ ಕ್ಯಾಪ್ಟ್‌ಡ್ರೈವರ್ ಎಂಬ ಮುಕ್ತ ಡ್ರೈವರ್ ಇದೆ, ಈಗಾಗಲೇ ಈ ಪ್ರಿಂಟರ್ ಮನೆಯಲ್ಲಿ ಇರುವವರು ಅದನ್ನು ಪ್ರಯತ್ನಿಸಲಿ. ಹೊಸದಾಗಿ ಹಣ ಹಾಕುವವರು ಈ ತೊಂದರೆಯನ್ನು ಮೈಮೇಲೆ ಎಳೆದುಕೊಳ್ಳುವ ಅಗತ್ಯವಿಲ್ಲ.

ಕೊಳ್ಳುವಾಗ ಪೆಟ್ಟಿಗೆಯ ಮೇಲೆ ಏರ್‌ಪ್ರಿಂಟ್ ಅಥವಾ ಮೋಪ್ರಿಯಾ ಗುರುತು ಇದೆಯೇ ಎಂದು ನೋಡಿ. ಏರ್‌ಪ್ರಿಂಟನ್ನು ಆಪಲ್ ಕಂಪನಿ 2010ರಲ್ಲಿ ಐಫೋನ್, ಐಪ್ಯಾಡ್‌ಗಳಿಗಾಗಿ ತಂದಿತು. ಡ್ರೈವರ್ ಹಾಕಲು ಅವಕಾಶವಿಲ್ಲದ ಫೋನಿನಿಂದ ಪ್ರಿಂಟ್ ತೆಗೆಯಬೇಕಾದರೆ ಪ್ರಿಂಟರುಗಳೆಲ್ಲ ಒಂದೇ ಸಾಮಾನ್ಯ ಭಾಷೆಯನ್ನು ಅರಿತಿರಬೇಕಾಯಿತು. ಅದರ ಲಾಭ ಲಿನಕ್ಸ್‌ಗೂ ದೊರೆತಿದೆ. ಅಂಥ ಪ್ರಿಂಟರ್ ನಿಮ್ಮ ವೈಫೈಗೆ ಸೇರಿದರೆ ಕಪ್ಸ್ ಅದನ್ನು ತಾನೇ ಗುರುತಿಸುತ್ತದೆ, ಕಂಪನಿಯ ಡ್ರೈವರ್ ಬೇಕಾಗುವುದಿಲ್ಲ. ಅದರಲ್ಲಿ ಸ್ಕ್ಯಾನರ್ ಇದ್ದರೆ ಸಾಮಾನ್ಯವಾಗಿ ಸೇನ್-ಏರ್‌ಸ್ಕ್ಯಾನ್ ಎಂಬ ಪೊಟ್ಟಣದ ಮೂಲಕ ಅದೂ ಸಿಗುತ್ತದೆ. 2021ರಲ್ಲಿ ಬಂದ ಡೆಬಿಯನ್ 11ರಿಂದ ಐಪಿಪಿ-ಯುಎಸ್‌ಬಿ ಎಂಬ ಪೊಟ್ಟಣವೂ ಸೇರಿರುವುದರಿಂದ, ಹೊಸ ಮಾದರಿಗಳಲ್ಲಿ ಹಲವು ಯುಎಸ್‌ಬಿ ತಂತಿಯಲ್ಲಿಯೂ ಹೀಗೆಯೇ ನಡೆಯುತ್ತವೆ. ಒಂದು ವಿಷಯ ನೆನಪಿಡಿ: ಐಪಿಪಿ-ಯುಎಸ್‌ಬಿ ಒಮ್ಮೆ ಯಂತ್ರವನ್ನು ತನ್ನ ವಶಕ್ಕೆ ತೆಗೆದುಕೊಂಡರೆ ಅದೇ ತಂತಿಯಲ್ಲಿ ಹಳೆಯ ಬಗೆಯ ಡ್ರೈವರ್ ಅದನ್ನು ಮುಟ್ಟಲಾರದು. ಎರಡರಲ್ಲಿ ಒಂದನ್ನು ಆಯ್ದುಕೊಳ್ಳಬೇಕು, ಹೊಸ ಯಂತ್ರವಾದರೆ ಐಪಿಪಿ-ಯುಎಸ್‌ಬಿಯನ್ನೇ ಇಟ್ಟುಕೊಳ್ಳುವುದು ಒಳ್ಳೆಯದು. ಕಪ್ಸ್‌ನ ಮುಂದಿನ 3ನೆಯ ಆವೃತ್ತಿಯಲ್ಲಿ ಹಳೆಯ ಪಿಪಿಡಿ ಡ್ರೈವರ್ ಕಡತಗಳಿಗೆ ನೇರ ಬೆಂಬಲವನ್ನೇ ಕೈಬಿಡುವ ಯೋಜನೆ ಇರುವಾಗ, ಹತ್ತಾರು ವರ್ಷ ಬಾಳಬೇಕಾದ ಯಂತ್ರವನ್ನು ಈ ಲೆಕ್ಕದಲ್ಲಿಯೇ ಕೊಳ್ಳಬೇಕು.

ಪ್ರಶ್ನೆ: ನುಡಿಯಲ್ಲಿ ಬೆರಳಚ್ಚು ಮಾಡಿದ ಸಂಘದ ಹಳೆಯ ನಡಾವಳಿಗಳನ್ನು ಲಿನಕ್ಸ್‌ನಿಂದ ಪ್ರಿಂಟ್ ತೆಗೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬರುತ್ತವೆ. ಕನ್ನಡಕ್ಕೆ ಬೇರೆ ಡ್ರೈವರ್ ಬೇಕೇ?
— ಸಹಕಾರ ಸಂಘದ ಕಾರ್ಯದರ್ಶಿ, ತೀರ್ಥಹಳ್ಳಿ

ಉತ್ತರ: ಬೇಕಿಲ್ಲ. ಕನ್ನಡದ ಒತ್ತಕ್ಷರ, ಗುಣಿತಗಳನ್ನು ಜೋಡಿಸುವುದು ಲಿಬ್ರೆಆಫೀಸ್‌ನಂಥ ತಂತ್ರಾಂಶವೇ ಹೊರತು ಪ್ರಿಂಟರಿನ ಡ್ರೈವರ್ ಅಲ್ಲ. ಡ್ರೈವರ್‌ಗೆ ತಲುಪುವಾಗ ಅವು ಬರಿಯ ಆಕಾರಗಳಾಗಿರುತ್ತವೆ. ಪರದೆಯ ಮೇಲೂ ಅದೇ ಇಂಗ್ಲಿಷ್ ಅಕ್ಷರಗಳು ಕಾಣುತ್ತಿದ್ದರೆ ಯೂನಿಕೋಡ್‌ಗಿಂತ ಹಿಂದಿನ ಬಗೆಯ ಆ ನುಡಿ ಫಾಂಟ್ ನಿಮ್ಮ ಕಂಪ್ಯೂಟರಿನಲ್ಲಿ ಇಲ್ಲವೆಂದು ಅರ್ಥ. ಕಡತದಲ್ಲಿ ಯಾವ ಫಾಂಟಿನ ಹೆಸರಿದೆಯೋ ಅದೇ ಫಾಂಟನ್ನು ಹಳೆಯ ಕಂಪ್ಯೂಟರಿನಿಂದ ತಂದು, ಎರಡು ಬಾರಿ ಕ್ಲಿಕ್ ಮಾಡಿ ಇನ್‌ಸ್ಟಾಲ್ ಒತ್ತಿ, ಲಿಬ್ರೆಆಫೀಸನ್ನು ಮುಚ್ಚಿ ತೆರೆಯಿರಿ. ಅಕ್ಷರಗಳು ಸರಿಯಾಗಿ ಕಂಡ ಮೇಲೆ ಪಿಡಿಎಫ್ ಆಗಿ ಉಳಿಸಿಕೊಂಡು ಅದರಿಂದ ಪ್ರಿಂಟ್ ತೆಗೆಯಿರಿ. ಪಿಡಿಎಫ್‌ನೊಳಗೆ ಫಾಂಟ್ ಕೂಡ ಸೇರಿಕೊಳ್ಳುವುದರಿಂದ, ಸಂಘದ ಬೇರೆ ಯಾವ ಕಂಪ್ಯೂಟರಿನಲ್ಲಿ ತೆರೆದರೂ ನಡಾವಳಿ ಹಾಗೆಯೇ ಕಾಣುತ್ತದೆ.