ಸಾಹೇಬ್ರು ಇಲ್ಲ, ನಾಳೆ ಬಾ

ತಂಗಿ, ಪೊಲೀಸ್ ಸಬ್ ಇನ್ಸ್‌ಪೆಕ್ಟರ್ (ಪಿಎಸ್‌ಐ) ಪರೀಕ್ಷೆಗೆ ಓದುತ್ತಿರುವ ನೀವು ಮೂರು ಪ್ರಶ್ನೆ ಕೇಳಿದ್ದೀರಿ. ಠಾಣೆಯಲ್ಲಿ ದಿನಾ ಏನು ಕೆಲಸ? ಸಿಬ್ಬಂದಿ ಜೊತೆ ಬಿಗಿಯಾಗಿರಬೇಕೋ, ಸಲಿಗೆಯಿಂದಿರಬೇಕೋ? ಹೆಣ್ಣುಮಗಳ ಮಾತು ಅವರು ಕೇಳುತ್ತಾರಾ? ನಾನು ರಾಯಚೂರು ಜಿಲ್ಲೆಯ ಠಾಣೆಗಳಲ್ಲಿ ಬಹಳ ವರ್ಷ ರೈಟರ್, ಅಂದರೆ ದಾಖಲೆ ಬರೆಯುವವನು, ಆಗಿದ್ದು ಎಎಸ್‌ಐ ಆಗಿ ನಿವೃತ್ತನಾದವನು. ಹತ್ತಾರು ಪಿಎಸ್‌ಐ ಸಾಹೇಬರ ಕೈಕೆಳಗೆ ದುಡಿದಿದ್ದೇನೆ.

ಬೆಳಿಗ್ಗೆ ರೋಲ್ ಕಾಲ್. ಒಬ್ಬರು ಸೆಂಟ್ರಿ (ಠಾಣೆ ಕಾವಲು), ಒಬ್ಬರು ಕೋರ್ಟ್, ಇನ್ನಿಬ್ಬರು ಸಮನ್ಸ್, ವಾರಂಟ್ ಜಾರಿಗೆ, ಉಳಿದವರು ಹಳ್ಳಿ ಬೀಟ್‌ಗೆ, ಅಂದರೆ ಗಸ್ತಿಗೆ. ಅಪಘಾತವಾದರೆ ಪಂಚನಾಮೆ, ಹೆಣವನ್ನು ಆಸ್ಪತ್ರೆಗೆ ಸಾಗಿಸುವುದು. ಯಾರು ಬಂದರು, ಯಾರು ಹೊರಟರು ಎಲ್ಲ ಠಾಣಾ ದಿನಚರಿಯಲ್ಲಿ ವೇಳೆ ಸಮೇತ ಬರಬೇಕು. ಇದರ ಮೇಲೆ ಬಂದೋಬಸ್ತ್: ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆ, ಡಿಸೆಂಬರ್‌ನಲ್ಲಿ ಅಂಜನಾದ್ರಿ ಬೆಟ್ಟಕ್ಕೆ ಭಕ್ತರು ಸೇರುವ ಹನುಮಮಾಲೆ ಎಂದರೆ ಪಕ್ಕದ ಜಿಲ್ಲೆಯವರೂ ಹೋಗಬೇಕು.

ನಮ್ಮ ಸೀಮೆಯಲ್ಲಿ ಕಾಲುವೆ ಗಸ್ತು ಅಂತ ಇನ್ನೊಂದಿದೆ. ತುಂಗಭದ್ರಾ ಎಡದಂಡೆ ನಾಲೆಯಲ್ಲಿ ನೀರು ಕಡಿಮೆಯಾದಾಗ ಮೇಲ್ಭಾಗದಲ್ಲಿ ಪಂಪ್‌ಸೆಟ್ ಹಚ್ಚಿ ಎತ್ತುತ್ತಾರೆ. ಮಾನ್ವಿ, ಸಿರವಾರ ಕಡೆ ಕೊನೆ ಭಾಗದ ರೈತರ ಭತ್ತ ಒಣಗುತ್ತದೆ. ಆಗ ನಿಷೇಧಾಜ್ಞೆ ಹೊರಡುತ್ತದೆ. ನೀರಾವರಿ ಇಲಾಖೆಯವರ ಜೊತೆ ನಾವೂ ರಾತ್ರಿ ಕಾಲುವೆ ದಂಡೆ ಕಾಯಬೇಕು.

ಒಬ್ಬ ಸಾಹೇಬರಿದ್ದರು. ಎದುರು ಮಾತಾಡಿದವನಿಗೆ ಕಾಲುವೆ ನೈಟ್ ಡ್ಯೂಟಿ ಹಾಕುತ್ತಿದ್ದರು. ಡ್ಯೂಟಿಯೇ ಶಿಕ್ಷೆಯಾದ ಮೇಲೆ ಹುಡುಗರು ಜೀಪಿನಲ್ಲೇ ಕೂತು ರಾತ್ರಿ ಕಳೆದು ಬರುತ್ತಿದ್ದರು. ಆ ಸಾಹೇಬರನ್ನು ಕೇಳದೆ ಠಾಣೆಯಲ್ಲಿ ಯಾರೂ ಪೆನ್ನು ಹಿಡಿಯುವಂತಿರಲಿಲ್ಲ. ಅವರು ಬಂದೋಬಸ್ತ್‌ಗೆ ಹೋದ ಒಂದು ಸಂಜೆ ತಾಯಿಯೊಬ್ಬಳು ಬಂದಳು. ಮಗ ಎರಡು ದಿನದಿಂದ ಮನೆಗೆ ಬಂದಿಲ್ಲ. ಸೆರಗಿನ ಗಂಟು ಬಿಚ್ಚಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ್ದ ಅವನ ಪಾಸ್‌ಪೋರ್ಟ್ ಫೋಟೊ ನನ್ನ ಟೇಬಲ್ ಮೇಲಿಟ್ಟಳು. ನಾನು, ‘ಸಾಹೇಬ್ರು ಇಲ್ಲವ್ವ, ನಾಳೆ ಬಾ’ ಅಂದೆ. ಫೋಟೊ ಮತ್ತೆ ಚೀಲದಲ್ಲಿ ಸುತ್ತಿಕೊಂಡು, ಕೊನೆ ಬಸ್ ಬರುವ ತನಕ ಹೊರಗೆ ಬೇವಿನ ಗಿಡದ ಕಟ್ಟೆ ಮೇಲೆ ಕೂತಿದ್ದಳು.

ಹುಡುಗ ಆಮೇಲೆ ಸಿಕ್ಕ. ಆದರೆ ಅದು ನನ್ನ ತಪ್ಪು, ಇವತ್ತಿಗೂ ಮನಸ್ಸಿಗೆ ಚುಚ್ಚುತ್ತದೆ. ಠಾಣಾಧಿಕಾರಿ ಇಲ್ಲದಾಗ ಹಾಜರಿರುವವರಲ್ಲಿ ಹಿರಿಯ, ಕಾನ್ಸ್‌ಟೆಬಲ್‌ಗಿಂತ ಮೇಲಿನವನೇ ಠಾಣಾಧಿಕಾರಿ ಎಂದು ಕಾನೂನಿನಲ್ಲೇ ಇದೆ. ಆ ಹೊತ್ತಿಗೆ ನಾನು ಹೆಡ್ ಕಾನ್ಸ್‌ಟೆಬಲ್. ಅಧಿಕಾರ ಇತ್ತು, ಧೈರ್ಯ ಇರಲಿಲ್ಲ.

ಅವರ ನಂತರ ಬಂದವರು ಮೊದಲ ರೋಲ್ ಕಾಲ್‌ನಲ್ಲೇ, ‘ನಾನಿಲ್ಲ ಅಂತ ಯಾರನ್ನೂ ವಾಪಸ್ ಕಳಿಸಬ್ಯಾಡ್ರಿ. ಬರಕೊಳ್ರಿ, ಆಮ್ಯಾಲೆ ಫೋನ್ ಮಾಡ್ರಿ. ತಪ್ಪಾದ್ರ ಉತ್ತರ ನಾ ಕೊಡ್ತೀನಿ’ ಅಂದರು. ಕಾಲುವೆ ಡ್ಯೂಟಿಗೆ ಪಾಳಿ ಪಟ್ಟಿ ಮಾಡಿ ಗೋಡೆಗೆ ಹಚ್ಚಿಸಿದರು, ಅದರಲ್ಲಿ ತಮ್ಮ ಹೆಸರೂ ಇತ್ತು. ಒಂದು ರಾತ್ರಿ ಉಪಕಾಲುವೆ ತೂಬಿನ ಹತ್ತಿರ ಎರಡು ಊರಿನವರು ಬಡಿಗೆ ಹಿಡಿದು ನಿಂತಿದ್ದರು. ಇವರು ಲಾಠಿ ಜೀಪಿನಲ್ಲೇ ಬಿಟ್ಟು ಇಳಿದು, ನೀರಿನ ಮಟ್ಟ ತೋರಿಸುವ ಗೇಜ್ ಪಟ್ಟಿಗೆ ಟಾರ್ಚ್ ಬಿಟ್ಟು, ಎರಡೂ ಕಡೆಯ ಹಿರಿಯರಿಂದ ಅಂಕಿ ಓದಿಸಿದರು. ಎಂಜಿನಿಯರ್ ಬರುವವರೆಗೆ ಅಲ್ಲೇ ದಂಡೆ ಮೇಲೆ ಅವರ ನಡುವೆ ಕೂತರು. ಹಾಗಂತ ಸಡಿಲ ಮನುಷ್ಯ ಅಲ್ಲ. ಬೀಟ್‌ಗೆ ಹೋಗದೆ ಹೋದೆ ಅಂತ ಬರೆದವನಿಗೆ ಮರುದಿನವೇ ಮೆಮೊ ಕೊಟ್ಟರು. ಬಿಗಿಯೋ ಸಲಿಗೆಯೋ ಎಂಬ ನಿಮ್ಮ ಪ್ರಶ್ನೆಗೆ ನನಗೆ ಗೊತ್ತಿರುವ ಉತ್ತರ ಅವರೇ.

ಕಾನೂನು ಬಾಯಿಪಾಠ ಮಾಡಿದರೆ ಸಾಲದು, ಕೈಗೆ ಹತ್ತಬೇಕು. 2024ರ ಜುಲೈ 1ರಿಂದ ಹೊಸ ಕ್ರಿಮಿನಲ್ ಕಾನೂನು ಸಂಹಿತೆಗಳು ಬಂದಿವೆ. ಎಫ್‌ಐಆರ್ ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಡಿ. ನಮ್ಮ ಸರಹದ್ದಲ್ಲ ಎಂದು ದೂರುದಾರರನ್ನು ಅಲೆಸುವಂತಿಲ್ಲ, ಎಫ್‌ಐಆರ್ ಪ್ರತಿ ಉಚಿತವಾಗಿ ಕೊಡಬೇಕು, ಶೋಧನೆ ಮತ್ತು ಜಪ್ತಿಯ ವಿಡಿಯೊ ಆಗಬೇಕು. ದಲಿತರ ಮೇಲಿನ ದೌರ್ಜನ್ಯ ಪ್ರಕರಣವಾದರೆ ತನಿಖೆ ಡಿವೈಎಸ್‌ಪಿಯವರದು, ಆದರೆ ದೂರು ಹಿಡಿದು ಬಂದವರನ್ನು ನಿಮ್ಮ ಠಾಣೆ ವಾಪಸ್ ಕಳಿಸುವಂತಿಲ್ಲ.

ಹೆಣ್ಣುಮಗಳ ಮಾತು ಕೇಳುತ್ತಾರಾ? ಕೇಳುತ್ತಾರೆ, ತಂಗಿ. ನನ್ನ ಕೊನೆಯ ಠಾಣೆಯಲ್ಲಿ ಮೇಡಂ ಪಿಎಸ್‌ಐ ಇದ್ದರು. ಸೇರಿದ ವಾರವೇ ಯಾರಿಗೆ ಎಷ್ಟು ವಾರದ ರಜೆ ಬಾಕಿ ಇದೆ ಎಂದು ನನ್ನಿಂದ ಪಟ್ಟಿ ಬರೆಸಿ, ಒಬ್ಬೊಬ್ಬರನ್ನೇ ಮನೆಗೆ ಕಳಿಸಿದರು. ಆಮೇಲೆ ಅವರು ರಾತ್ರಿ ಎರಡಕ್ಕೆ ಫೋನ್ ಮಾಡಿದರೂ ನಮ್ಮ ಹುಡುಗರು ಎದ್ದು ಬರುತ್ತಿದ್ದರು.